ಸೀಳು ಸೈಲೆನ್ಸರಿನ ಸಿಳ್ಳೆ

ಹೋದ ವಾರ ನಮ್ಮ ರಸ್ತೆಯಲ್ಲಿ ಕರೆಂಟ್ ತಂತಿಗೆ ತಾಗುತ್ತಿದ್ದ ಹೊಂಗೆ ಕೊಂಬೆಗಳನ್ನು ಮಿಷನ್ನಿನಲ್ಲಿ ಕಡಿಯುತ್ತಿದ್ದರು. ನಾನು ಒಗ್ಗರಣೆಗೆ ಸಾಸಿವೆ ಹಾಕಿ ನಿಂತಿದ್ದೆ. ಅದು ಸಿಡಿಯುವ ಮೊದಲೇ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟ ನೀಲಿ ಹೊಗೆ, ಅದರ ಹಿಂದೆಯೇ ಹಸಿ ಮರದ ಹೊಟ್ಟಿನ ಒಗರು. ಎದುರು ಮನೆ ಅಣ್ಣ ಶೆಡ್ಡಿನ ಬಾಗಿಲು ತೆಗೆದರು ಅಂದುಕೊಂಡು ಸೌಟು ಹಿಡಿದೇ ಹೊರಗೆ ಹೋದೆ...

ಎದುರು ಮನೆಗೆ ಈಗ ಮೂರು ಅಂತಸ್ತು. ಶೆಡ್ಡಿದ್ದ ಜಾಗದಲ್ಲಿ ಯಾರದೋ ಬಿಳಿ ಕಾರು ನಿಂತಿರುತ್ತದೆ. ನಾನು ಗೇಟು ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತೆ. ಒಳಗೆ ಸಾಸಿವೆ ಸೀದು ಕರಕಲಾಯಿತು.

ಈಚೆಗೆ ಸೊಸೆ ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತೇ ತಪ್ಪಿಸಿಕೊಂಡು ಓಡುತ್ತದೆ. ಆದರೂ ಇದನ್ನು ಬರೆಯಬೇಕು. ನಾನಲ್ಲದೆ ಇನ್ಯಾರಿಗೂ ಇದು ಗೊತ್ತಿಲ್ಲ.

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ನಾವಿರುವ ಈ ಸದಾಶಿವನಗರಕ್ಕೆ ಅವರು ಬಂದಾಗ ನಮ್ಮ ಮನೆಯಿಂದ ಒಂದು ಕೊಡ ನೀರು ಕೊಟ್ಟಿದ್ದೆ, ಅಂದಿನಿಂದ ಅಣ್ಣ. ಅಷ್ಟು ಹೊತ್ತಿಗಾಗಲೇ ಅತ್ತಿಗೆ ತೀರಿಕೊಂಡಿದ್ದರು, ನಾನು ಅವರನ್ನು ನೋಡಿದವಳೇ ಅಲ್ಲ. ಅಣ್ಣನ ಅಕ್ಕನ ಮಗ, ಅವನ ಹೆಂಡತಿ ಅವರ ಜೊತೆಗಿದ್ದರು. ವಯಸ್ಸಿನಲ್ಲಿ ಅಣ್ಣ ಸಿ.ಎಸ್. ಪುರದ ಕಡೆಯೆಲ್ಲ ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಮರ ಕಡಿದವರು. ಆಮೇಲೆ ಟಿಂಬರ್ ಅಂಗಡಿ ನಡೆಸಿದರು. ಅದನ್ನು ಈ ಸೋದರಳಿಯನಿಗೆ ಬಿಟ್ಟ ಮೇಲೆ ಒಂದು ಹುಚ್ಚು ಹಿಡಿಸಿಕೊಂಡರು. ಹಳೇ ಕಾಲದ ಮರ ಕುಯ್ಯುವ ಚೈನ್ ಮಿಷನ್ನುಗಳನ್ನು ಹುಡುಕಿ ಹುಡುಕಿ ತಂದು ಶೆಡ್ಡಿನಲ್ಲಿ ಸಾಲಾಗಿ ಇಡುವುದು.

ಜರ್ಮನಿಯದು, ಸ್ವೀಡನ್ನಿನದು, ಎಲ್ಲಿಯದೆಂದು ಯಾರಿಗೂ ಗೊತ್ತಿಲ್ಲದ್ದು. ಈಗಿನವು ಮಗು ಎತ್ತಿದ ಹಾಗೆ ಎತ್ತಬಹುದು, ಆ ಹಳೆಯವು ಎಮ್ಮೆ ಕರುವಿನಷ್ಟು ಭಾರ. ಒಂದನ್ನು ಹಿಡಿಯಲು ಇಬ್ಬರು ಬೇಕಿತ್ತು, ಆ ತುದಿಗೊಬ್ಬ, ಈ ತುದಿಗೊಬ್ಬ. ಮೊದಲ ಸಲ ನೋಡಿದಾಗ ನಾನು ಸುಮ್ಮನಿರಲಿಲ್ಲ.

“ಕಾಂಪೌಂಡಲ್ಲಿ ಒಂದ್ ನುಗ್ಗೇಮರ ಬಿಟ್ರೆ ಏನೂ ಇಲ್ಲ. ಅದನ್ನ ಕಡಿಯಾಕೆ ಇಷ್ಟೊಂದ್ ಮಿಷನ್ನಾ ಅಣ್ಣಾ?”

“ನಿನ್ ಬೀರೂನಾಗೆ ಎಷ್ಟ್ ಸೀರೆ ಅವೆ ತಂಗೀ? ಎಲ್ಲಾನೂ ಒಂದೇ ದಿನ ಉಟ್ಕೊಂತೀಯಾ?”

ಸೆರಗು ಸರಿಮಾಡಿಕೊಂಡು ಮನೆಗೆ ಬಂದೆ. ಜಾಸ್ತಿ ಹೊತ್ತೇನಲ್ಲ, ಮತ್ತೆ ಹೋದೆ.

ಭಾನುವಾರ ಬಂತೆಂದರೆ ಅದೇ ಹುಚ್ಚಿನ ಇನ್ನಿಬ್ಬರು ಬರುತ್ತಿದ್ದರು. ಒಬ್ಬರು ಗುಬ್ಬಿಯ ಕೊಬ್ಬರಿ ವ್ಯಾಪಾರದ ಸಾಹುಕಾರರು, ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಷರ್ಟು. ಇನ್ನೊಬ್ಬರು ಕುಣಿಗಲ್ಲಿನವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರಾದವರು. ಇಬ್ಬರೂ ಕಾರಿನ ಡಿಕ್ಕಿಯಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ತಮ್ಮ ತಮ್ಮ ಮಿಷನ್ನು ಮಲಗಿಸಿಕೊಂಡು ಬರುವರು. ಆಮೇಲೆ ಮದುವೆಗೆ ಗಂಡು ಹೆಣ್ಣು ನೋಡಿದ ಹಾಗೆ. ಯಾರದು ಹಳೆಯದು, ಯಾರದಕ್ಕೆ ಬಣ್ಣ ಹೋಗಿಲ್ಲ, ಯಾರದು ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ...

ಗುಬ್ಬಿಯವರ ಮಿಷನ್ನು ಕನ್ನಡಿಯ ಹಾಗೆ ಹೊಳೆಯಬೇಕು, ತಲೆ ಬಾಚಿಕೊಳ್ಳಬಹುದು. ಕುಣಿಗಲ್ಲಿನವರದು ರೇಷ್ಮೆಯ ಹಾಗೆ ಓಡಬೇಕು, ಒಂದು ಕೆಮ್ಮು ಬರಬಾರದು. ನಮ್ಮ ಅಣ್ಣನವು ಮಾತ್ರ ಜಿಡ್ಡು, ತುಕ್ಕು, ಏಟು ತಿಂದ ಗುರುತು ಎಲ್ಲ ಹಾಗೇ. ಒರೆಸುತ್ತಿದ್ದರು, ಬಣ್ಣ ಬಳಿಯುತ್ತಿರಲಿಲ್ಲ.

“ನಿಮ್ಮವು ಸ್ನಾನ ಮಾಡಿ ಎಷ್ಟ್ ವರ್ಷ ಆಯ್ತಣ್ಣಾ? ಒಂದ್ ಸಲ ನನ್ ಕೈಗ್ ಕೊಡಿ, ಮದ್ಲಿಂಗನ್ ಮಾಡಿ ಕಳಿಸ್ತೀನಿ” ಎಂದು ಗುಬ್ಬಿಯವರು ಕೆಣಕುವರು.

“ಅದು ದುಡಿದಿರೋ ಮೈ ಕಣ್ರೀ. ಗಾಯ ಇರ್ತವೆ, ಇರ್ಲಿ ಬುಡಿ” ಎಂದು ಅಣ್ಣ ನಗುವರು.

ಅವರ ಕೂಟದ ದೊಡ್ಡ ಆಟವೆಂದರೆ ಕಣ್ಣುಪಟ್ಟಿ. ಅಣ್ಣನ ಕಣ್ಣಿಗೆ ಟವೆಲ್ ಕಟ್ಟುವರು. ಇನ್ನಿಬ್ಬರು ಚೈನು ಬಿಚ್ಚಿದ ಮಿಷನ್ನನ್ನು ನೆಲಕ್ಕೆ ಒತ್ತಿ ಹಿಡಿದು ಹಗ್ಗ ಎಳೆದು ಸ್ಟಾರ್ಟ್ ಮಾಡುವರು. ಅದು ಯಾವುದೆಂದು ಅಣ್ಣ ಹೇಳಬೇಕು. ತಪ್ಪಿದ್ದನ್ನು ನಾನು ನೋಡಿದ್ದೇ ಇಲ್ಲ. ಒಂದು ಸಲ ಕುಣಿಗಲ್ಲಿನವರು ಮೋಸ ಮಾಡಲು ಒಂದು ಮಿಷನ್ನಿನ ಸ್ಪಾರ್ಕ್ ಪ್ಲಗ್ಗು ತೆಗೆದು ಇನ್ನೊಂದಕ್ಕೆ ಹಾಕಿದ್ದರು. ಅದನ್ನೂ ಅಣ್ಣ ಹಿಡಿದುಬಿಟ್ಟರು. ಅವರಿಬ್ಬರ ಕಣ್ಣಿನಲ್ಲಿ ಅಣ್ಣನ ಕಿವಿಯೆಂದರೆ ದೇವರ ಪ್ರಸಾದ.

ನಾನು ಟೀ ತಂದುಕೊಡುವ ನೆವದಲ್ಲಿ ಹೋಗಿ ನೋಡುತ್ತಿದ್ದವಳು. ನನಗೊಂದು ಕೆಟ್ಟ ಬುದ್ಧಿಯಿದೆ, ಜನ ಎಲ್ಲಿ ನೋಡುತ್ತಾರೋ ಅಲ್ಲಿ ನಾನು ನೋಡುವುದಿಲ್ಲ. ಅವರೆಲ್ಲ ಅಣ್ಣನ ಮುಖ ನೋಡುತ್ತಿದ್ದರೆ ನಾನು ಕಾಲು ನೋಡುತ್ತಿದ್ದೆ. ಕಣ್ಣಿಗೆ ಟವೆಲ್ ಕಟ್ಟುವ ಮುಂಚೆ ಅಣ್ಣ ಚಪ್ಪಲಿ ಬಿಡುತ್ತಿದ್ದರು. ಭಕ್ತಿ ಎಂದು ಆ ಇಬ್ಬರು ತಿಳಿದಿದ್ದರು. ಮಿಷನ್ನು ಗುಡುಗುತ್ತಿದ್ದ ಹಾಗೆ ಅಣ್ಣನ ಕಾಲ ಬೆರಳುಗಳು ನೆಲದ ಚಪ್ಪಡಿಯ ಅದುರನ್ನು ಮೆಲ್ಲಗೆ ಒತ್ತಿ ಒತ್ತಿ ನೋಡುತ್ತಿದ್ದವು, ಹೆಂಗಸರು ಜರಡಿ ಹಿಡಿದಾಗ ಬೆರಳು ಆಡಿಸುತ್ತಾರಲ್ಲ ಹಾಗೆ.

ಒಂದು ಭಾನುವಾರ ಸಂಜೆ, ಆ ಇಬ್ಬರು ಹೊರಟ ಮೇಲೆ, ಅಣ್ಣನ ಬೆನ್ನ ಹಿಂದೆ ಬಲಗಡೆಗೆ ನಿಂತು, “ಅಣ್ಣಾ, ನಿಮ್ ಪಂಚೆ ಬಿಚ್ಕೊಂಡೈತೆ” ಎಂದೆ. ಗಂಡಸು ಯಾವನೇ ಆಗಲಿ ಆ ಮಾತಿಗೆ ಸೊಂಟ ಮುಟ್ಟಿಕೊಳ್ಳಬೇಕು. ಅಣ್ಣ ನುಗ್ಗೇಮರ ನೋಡುತ್ತಲೇ ಇದ್ದರು. ಎಡಗಡೆ ಹೋಗಿ ಮತ್ತೆ ಹೇಳಿದೆ. ಆಗ ಬೆಚ್ಚಿ ಪಂಚೆ ಹಿಡಿದುಕೊಂಡರು.

ನಾನು ನಗಲಿಲ್ಲ. ನಗಬೇಕೆಂದೇ ಹೇಳಿದ್ದು, ಆದರೆ ಬರಲಿಲ್ಲ.

“ಬಲಗಡೇದು ಹೋಗಿ ಬಾಳ ದಿನ ಆಯ್ತು ತಂಗೀ. ಎಡಗಡೇದೂ ಹೋಗ್ತೈತೆ ಅಂದವ್ರೆ ಡಾಕ್ಟ್ರು. ವಯಸ್ನಾಗೆ ಕಿವಿ ತುಂಬ ಮಿಷನ್ ಸದ್ದು ತುಂಬ್ಕೊಂಡೆ, ಹತ್ತಿ ಗಿತ್ತಿ ಏನೂ ಇಟ್ಕೊಳ್ದೆ. ಈಗ ಜಾಗ ಇಲ್ವಂತೆ. ಅವರಿಬ್ರಿಗೂ ಹೇಳ್ಬೇಡ ಕಣಮ್ಮ. ಕಿವುಡ ಅಂತ ಗೊತ್ತಾದ್ರೆ ಬರ್ತಾರೆ, ಪಾಪ ಒಳ್ಳೇವ್ರು. ಆದ್ರೆ ನನ್ ಜೊತೆ ಆಟ ಆಡಾಕಿಲ್ಲ. ನನ್ನ ನೋಡಾಕ್ ಬರ್ತಾರೆ.”

ಹೇಳುವುದಿಲ್ಲ ಎಂದೆ. ಆಗಲೇ ಅವರು ಆ ಮಿಷನ್ನಿನ ವಿಷಯ ಹೇಳಿದ್ದು.

ಸಿ.ಎಸ್. ಪುರದ ದಿನಗಳಲ್ಲಿ ಕಂಟ್ರಾಕ್ಟರ್ ಕೊಟ್ಟಿದ್ದ ಮೊದಲ ಚೈನ್ ಮಿಷನ್ನು ಅದು. ಒಂದು ಸಲ ಹುಣಸೇಕೊಂಬೆ ಅದರ ಮೇಲೆ ಬಿದ್ದು ಸೈಲೆನ್ಸರ್ ಸೀಳಿತ್ತು. ಆ ಸೀಳಿನಿಂದ ಗಾಳಿ ನುಗ್ಗಿ ಗುಡುಗಿನ ಜೊತೆಗೆ ಒಂದು ಸಿಳ್ಳೆ ಬರುತ್ತಿತ್ತು. ಬೇರೆ ಯಾವ ಮಿಷನ್ನಿಗೂ ಇಲ್ಲದ ಸಿಳ್ಳೆ. ಅತ್ತಿಗೆ ತೋಪಿನ ಆಚೆ ತುದಿಯಲ್ಲಿ ಆಳುಗಳಿಗೆ ಅಡುಗೆ ಮಾಡುತ್ತಿದ್ದರು. ಕೆಲಸ ಮುಗಿಯುವಾಗ ಅಣ್ಣ ಮಿಷನ್ನನ್ನು ಎರಡು ಸಲ ಜೋರಾಗಿ ಏರಿಸಿ ಇಳಿಸುವರು. ಸಿಳ್ಳೆ ಕೇಳಿದೊಡನೆ ಅತ್ತಿಗೆ ಮುದ್ದೆಗೆ ಎಸರಿಡುವರು. ಗಂಡ ಮುಖ ತೊಳೆದು ಬರುವ ಹೊತ್ತಿಗೆ ತಟ್ಟೆಯಲ್ಲಿ ಬಿಸಿ ಮುದ್ದೆ.

“ತೋಪಿನಾಗೆ ಬೇರೆ ಮಿಷನ್ಗಳೂ ಇದ್ವು. ಅವಳು ಒಂದ್ ದಿನಾನೂ ತಪ್ಪು ಎಸರು ಇಡ್ಲಿಲ್ಲ ಕಣಮ್ಮ” ಎಂದರು.

ಹೊಸ ಮಿಷನ್ನು ಬಂದಾಗ ಕಂಟ್ರಾಕ್ಟರ್ ಅದನ್ನು ಯಾರಿಗೋ ಕೊಟ್ಟುಬಿಟ್ಟ. ಹಗುರಾದ ಮಿಷನ್ನು ಸಿಕ್ಕಿತೆಂದು ಅಣ್ಣನೂ ಖುಷಿಪಟ್ಟಿದ್ದರಂತೆ. ಶೆಡ್ಡು ತುಂಬ ತಂದಿಟ್ಟಿದ್ದೆಲ್ಲ ಅದನ್ನು ಹುಡುಕಿಕೊಂಡು ಹೋದಾಗ ಸಿಕ್ಕಿದವು. ಅದು ಮಾತ್ರ ಸಿಕ್ಕಿರಲಿಲ್ಲ.

“ಪೂರ್ತಿ ಮುಚ್ಕೊಳೋದ್ರೊಳಗೆ ಒಂದ್ ಸಲ ಆ ಸಿಳ್ಳೆ ಕೇಳ್ಬುಟ್ರೆ ಸಾಕು ತಂಗೀ. ಆಮೇಲೆ ಏನೂ ಕೇಳಿಸ್ದೆ ಇದ್ರೂ ಪರವಾಗಿಲ್ಲ. ಅದೇ ಕೊನೇ ಸದ್ದಾಗಿ ಒಳಗೆ ಉಳ್ಕೊಳ್ಲಿ.”

ಅದು ಹೇಗಿತ್ತೆಂದು ಕೇಳಿದೆ. ಅಣ್ಣ ಕೆಳತುಟಿಯನ್ನು ಹಲ್ಲಿಗೆ ಒತ್ತಿ, ಗಂಟಲಲ್ಲಿ ಗುರುಗುಟ್ಟುತ್ತ, ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟರು. ಕಡೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆದು ತಟ್ಟನೆ ನಿಲ್ಲಿಸಿದರು, ಯಾರನ್ನೋ ಕರೆದು ಅರ್ಧಕ್ಕೇ ನಾಚಿಕೊಂಡ ಹಾಗೆ. ನಾನೂ ಮಾಡಿದೆ. ಅಲ್ಲ, ಹಾಗಲ್ಲ ಎಂದರು. ಎಡಗಿವಿಯ ಹತ್ತಿರ ಹೋಗಿ ಮತ್ತೆ ಮತ್ತೆ ಮಾಡಿದೆ. ಮೊಮ್ಮಕ್ಕಳನ್ನು ಕಂಡ ಹೆಂಗಸು ಬೀದಿ ಹುಡುಗರ ಹಾಗೆ ಸಿಳ್ಳೆ ಹೊಡೆಯುವುದನ್ನು ನೋಡಿ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, “ಏನ್ರೀ ಇದು ಈ ವಯಸ್ಸಿನಲ್ಲಿ!” ಎಂದಳು. “ಹಾವಾಡಿಸೋದ್ ಕಲೀತಿದೀನಿ, ನಿಮ್ಮನೆಗೇ ಬಿಡ್ತೀನಿ ನೋಡ್ತಿರಿ” ಎಂದೆ. ಅಷ್ಟರಲ್ಲಿ ಸಿಳ್ಳೆ ಬಂದೇಬಿಟ್ಟಿತು. ಅಣ್ಣ ಕಣ್ಣು ಮುಚ್ಚಿಕೊಂಡರು.

“ಹ್ಞಾ. ಹತ್ರತ್ರ ಅಂಗೇ ಐತೆ” ಎಂದರು.

ಗುಬ್ಬಿಯವರಿಗೂ ಕುಣಿಗಲ್ಲಿನವರಿಗೂ ಅಣ್ಣ ಆ ಮಿಷನ್ನಿನ ಗುರುತು ಹೇಳಿದ್ದರು. ಟ್ಯಾಂಕಿನ ಪಕ್ಕ ತಗ್ಗು, ಹಿಡಿಗೆ ಸುತ್ತಿ ಹೊಲಿದ ಚರ್ಮ, ಸೀಳಿದ ಸೈಲೆನ್ಸರ್, ಹಿಂಬದಿಯಲ್ಲಿ ಕಂಟ್ರಾಕ್ಟರ್ ಕೆತ್ತಿಸಿದ್ದ ತನ್ನ ಹೆಸರಿನ ಅಕ್ಷರ. ಅತ್ತಿಗೆಯ ಮಾತು ಮಾತ್ರ ಹೇಳಿರಲಿಲ್ಲ. ಗಂಡಸರ ಮುಂದೆ ಹೆಂಡತಿಯ ಮಾತು ಆಡಲು ಅವರಿಗೆ ಸಂಕೋಚ. ಕಿವಿಯ ಮಾತನ್ನೂ ಹೇಳಿರಲಿಲ್ಲ. ಹೀಗಾಗಿ ಹುಡುಕಬೇಕಾದ್ದು ಏನೆಂದು ಅವರಿಗೆ ಗೊತ್ತಿತ್ತು, ಏಕೆಂದು ಗೊತ್ತಿರಲಿಲ್ಲ. ಅವಸರವೆಂದೂ ಗೊತ್ತಿರಲಿಲ್ಲ.

ಆ ವರ್ಷ ಗೌರಿಹಬ್ಬದ ಹಿಂದಿನ ದಿನ ಅಣ್ಣ ತಲೆ ಸುತ್ತು ಎಂದು ಮಲಗಿದರು. ಬೆಳಗ್ಗೆ ಬಾಗಿನ ಕೊಡಲು ಹೋದಾಗ ಅಳಿಯನ ಹೆಂಡತಿ ಬಾಗಿಲಲ್ಲೇ ಕಣ್ಣೊರೆಸಿಕೊಂಡಳು. ಒಳಗೆ ಅಣ್ಣ ಮಂಚದ ಮೇಲೆ ಕುಳಿತು ಒಂದು ಸ್ಟೀಲ್ ಲೋಟವನ್ನು ಕಿಟಕಿ ಕಂಬಿಗೆ ಬಡಿಯುತ್ತಿದ್ದರು. ಬಡಿಯುವುದು, ನಿಲ್ಲಿಸುವುದು, ಮತ್ತೆ ಬಡಿಯುವುದು...

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರು, ಮಾತ್ರೆ ಕೊಟ್ಟರು. ಏನೂ ಆಗಲಿಲ್ಲ. ಕಿವಿಗೆ ಇಡುವ ಮಿಷನ್ನೂ ಕೆಲಸಕ್ಕೆ ಬರಲಿಲ್ಲ. ಭಾನುವಾರದ ಕೂಟಕ್ಕೆ ಜ್ವರವೆಂದು ನೆವ ಹೇಳಿಸಿದರು. ನಾನು ದಿನಾ ಬೆಳಗ್ಗೆ ಅವರ ಬಾಗಿಲ ಮುಂದೆ ರಂಗೋಲಿ ಪುಡಿಯಲ್ಲಿ ಬರೆದು ಬರುತ್ತಿದ್ದೆ. “ಇವತ್ತು ಬಸ್ಸಾರು.” “ಪಕ್ಕದ ಮನೆಯಾಕೆಗೆ ಹಲ್ಲುನೋವು, ದೇವರಿದ್ದಾನೆ.” ಓದಿ ನಗುತ್ತಿದ್ದರು. ನಗುವಿನ ಸದ್ದು ಎಷ್ಟಿರಬೇಕೆಂದು ಅಳತೆ ತಪ್ಪಿಹೋಗಿ, ಒಂದೊಂದು ಸಲ ತುಂಬ ಜೋರಾಗುತ್ತಿತ್ತು. ಒಂದೊಂದು ಸಲ ಬಾಯಿ ಮಾತ್ರ ತೆರೆದುಕೊಳ್ಳುತ್ತಿತ್ತು.

ಆಯುಧಪೂಜೆಯ ದಿನ ಆ ಮೂವರೂ ಒಂದೇ ಕಡೆ ಪೂಜೆ ಮಾಡುವ ಪದ್ಧತಿ. ಮಿಷನ್ನುಗಳಿಗೆ ವಿಭೂತಿ, ಚೆಂಡುಹೂವು ಇಟ್ಟು, ಕುಂಬಳಕಾಯಿ ಒಡೆದು, ಒಂದೊಂದನ್ನೂ ಒಂದು ಸಲ ಸ್ಟಾರ್ಟ್ ಮಾಡಿ ನಿಲ್ಲಿಸುವುದು. ಅವತ್ತು ಹೇಗೆ ತಪ್ಪಿಸಿಕೊಳ್ಳುವುದು? ಅಣ್ಣ ಹೊಸ ಪಂಚೆ ಉಟ್ಟು ಬರಿಗಾಲಿನಲ್ಲಿ ನಿಂತರು. ಮಿಷನ್ನು ಓಡುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅಷ್ಟು ಹೊತ್ತು ಅವರೂ ಎಲ್ಲರ ಹಾಗೆಯೇ.

ಗುಬ್ಬಿಯವರ ಕಾರು ಬಂತು. ಇಬ್ಬರೂ ಸೇರಿ ಡಿಕ್ಕಿಯಿಂದ ಏನನ್ನೋ ಇಳಿಸಿದರು. ಮೇಲೆ ಕೆಂಪು ವಸ್ತ್ರ, ಅದಕ್ಕೊಂದು ಹಾರ. ಮಕ್ಕಳ ಹಾಗೆ ನಗುತ್ತ ತಂದು ಅಣ್ಣನ ಮುಂದೆ ಇಟ್ಟು ವಸ್ತ್ರ ಎಳೆದರು.

ಹಳದಿ ಬಣ್ಣ ಫಳಫಳ ಹೊಳೆಯುತ್ತಿತ್ತು. ಅಣ್ಣನಿಗೆ ಗುರುತು ಸಿಗಲಿಲ್ಲ. ಹೊಸದಾಗಿ ಕೊಂಡಿರಬೇಕೆಂದು ನಾನೂ ಅಂದುಕೊಂಡೆ. ಕುಣಿಗಲ್ಲಿನವರು ತಡೆಯಲಾರದೆ, “ನಿಮ್ದೇ ಅಣ್ಣಾ! ಸಿ.ಎಸ್. ಪುರದ್ದು! ನಮ್ಮೂರಿನ್ ಸಾಮಿಲ್ ಅಟ್ಟದ್ ಮೇಲಿತ್ತು!” ಎಂದು ಕೂಗಿದರು. ಅಣ್ಣ ಅವರ ಮುಖ ನೋಡಿ ಸುಮ್ಮನೆ ನಕ್ಕರು. ಕೇಳಿಸಿರಲಿಲ್ಲ. ಆಮೇಲೆ ಗುಬ್ಬಿಯವರು ಹಿಂಬದಿಗೆ ತಿರುಗಿಸಿ ತೋರಿಸಿದರು. ಕಂಟ್ರಾಕ್ಟರ್ ಕೆತ್ತಿಸಿದ್ದ ಅಕ್ಷರ ಅಲ್ಲಿತ್ತು.

ಅಣ್ಣನ ಕೈ ಟ್ಯಾಂಕಿನ ಪಕ್ಕಕ್ಕೆ ಹೋಯಿತು. ತಗ್ಗು ಇರಲಿಲ್ಲ, ಎತ್ತಿ ಸಮ ಮಾಡಿದ್ದರು. ಹಿಡಿಗೆ ಹೋಯಿತು. ಚರ್ಮ ಇರಲಿಲ್ಲ, ಕರೀ ರಬ್ಬರು. ಕುಣಿಗಲ್ಲಿನವರು ಅಷ್ಟರಲ್ಲಿ ಹಗ್ಗ ಎಳೆದರು. ಒಂದೇ ಎಳೆತ.

ಹಾಲು ಕುಡಿದ ಬೆಕ್ಕಿನ ಹಾಗೆ ಅದು ಗುರುಗುಟ್ಟಿತು. ನಾನು ಉಸಿರು ಹಿಡಿದು ಕೇಳಿದೆ. ಗುಡುಗು ಇತ್ತು. ಸಿಳ್ಳೆ ಇರಲಿಲ್ಲ.

ಅಣ್ಣ ನನ್ನ ಕಡೆ ತಿರುಗಿದರು. ಆ ಗಲಾಟೆಯಲ್ಲಿ ಬಾಯಿ ಅಗಲಿಸಿ, ಒಂದೊಂದೇ ಮಾತು ಕಾಣುವ ಹಾಗೆ ಕೇಳಿದರು. “ಬರ್ತಾ ಐತಾ ತಂಗೀ? ಸಿಳ್ಳೆ?”

ಜೀವಮಾನವೆಲ್ಲ ಏನಾದರೊಂದು ಕುಚೋದ್ಯ ಆಡಿ ತಪ್ಪಿಸಿಕೊಂಡವಳು ನಾನು. ಅವತ್ತು ಹೂಂ ಎಂದು ತಲೆಯಾಡಿಸಿದೆ.

ಅಣ್ಣನ ಮುಖ ಅರಳಿತು. ಬಾಗಿ, ಸೈಲೆನ್ಸರಿನ ಪಕ್ಕ, ಹಳೇ ಸೀಳಿದ್ದ ಜಾಗಕ್ಕೆ ಅಂಗೈ ಅಡ್ಡ ಹಿಡಿದರು. ಆ ಬಿಸಿ ಗಾಳಿ ಅಂಗೈಗಾದರೂ ತಾಗಲೆಂದು. ಹಿಡಿದೇ ಇದ್ದರು. ಸ್ವಲ್ಪ ಆಚೆ, ಸ್ವಲ್ಪ ಈಚೆ ಸರಿಸಿ ನೋಡಿದರು. ಆಮೇಲೆ ಕೈಯನ್ನು ತೆಗೆದು ಪಂಚೆಗೆ ಒರೆಸಿಕೊಂಡರು. ನನ್ನ ಮುಖವನ್ನು ನೋಡಲಿಲ್ಲ.

ಮಿಷನ್ನು ನಿಂತಿತು. “ಹೆಂಗೈತಣ್ಣಾ?” ಎಂದರು ಗುಬ್ಬಿಯವರು ಹಿಂದಿನಿಂದ. ಅಣ್ಣ ತಿರುಗಲಿಲ್ಲ. “ಅಣ್ಣಾ?” ಎಂದರು ಕುಣಿಗಲ್ಲಿನವರು. ಮತ್ತೆ ಇನ್ನೂ ಜೋರಾಗಿ. ಅಣ್ಣ ಬಾಗಿಕೊಂಡೇ ಇದ್ದರು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಕಿವಿ ಮುಟ್ಟಿ ಕೈ ತಿರುವಿದೆ.

“ಯಾವಾಗಿಂದ?” ಎಂದರು ಗುಬ್ಬಿಯವರು.

“ಗೌರಿಹಬ್ಬದಿಂದ ಪೂರ್ತಿ. ಮಿಷನ್ ಯಾವಾಗ್ ಸಿಕ್ಕಿತ್ತು?”

“ಆಷಾಢದಾಗೇ ಸಿಕ್ತು ಕಣಮ್ಮ. ಅವತ್ತೇ ತರೋಣ ಅಂದ ಇವ್ನು. ನಾನೇ, ಹಿಂಗ್ ಗಲೀಜಾಗಿ ಬೇಡ, ಆಯುಧಪೂಜೆಗೆ ಮದ್ಲಿಂಗನ್ ಮಾಡಿ ಕೊಡೋಣ ಅಂದೆ. ಬಣ್ಣ ಎಲ್ಲಾ ಬೇಗ ಆಯ್ತು. ಆ ಸೈಲೆನ್ಸರ್ ಒಂದು, ಅದೇ ಕಾಲದ್ದು ಸೀಳಿಲ್ದೆ ಇರೋದು ಬೇಕಿತ್ತು. ಅದು ಪರದೇಶದಿಂದ ಬರೋತಂಕ ಕಾದ್ವಿ.”

ಆಷಾಢದಲ್ಲಿ ಅಣ್ಣ ನಮ್ಮ ಮನೆಯ ಮಿಕ್ಸಿ ಸದ್ದಿಗೆ ಎಡಗಿವಿ ಕೊಟ್ಟು, “ಬ್ಲೇಡು ಮೊಂಡಾಗೈತೆ ತಂಗೀ” ಎಂದು ರಸ್ತೆಯಾಚೆಯಿಂದಲೇ ಹೇಳಿದ್ದರು.

ಅಣ್ಣ ಎದ್ದು ನಿಂತರು. ಕಿವಿಯ ಮಾತು ಗೊತ್ತಾಗಿದೆಯೆಂದು ನಮ್ಮ ಮುಖದಲ್ಲೇ ಓದಿಕೊಂಡಿರಬೇಕು. “ಹಳೇ ಸೈಲೆನ್ಸರ್ ಎಲ್ಲಿ?” ಎಂದರು, ತೀರ ಜೋರಾಗಿ. ಕುಣಿಗಲ್ಲಿನವರು ತಲೆ ತಗ್ಗಿಸಿ, ಎಸೆದ ಹಾಗೆ ಕೈ ಮಾಡಿ, ತಕ್ಕಡಿಯ ಹಾಗೆ ಬೆರಳು ಹಿಡಿದು ತೋರಿಸಿದರು. ಗುಜರಿಗೆ.

ಅಣ್ಣ ಗುಬ್ಬಿಯವರ ಭುಜದ ಮೇಲೆ ಕೈಯಿಟ್ಟು ಹೇಳಿದರು, “ಬೋ ಚೆನ್ನಾಗೈತೆ ಕಣ್ರೀ. ಈಗ್ ತಾನೆ ಅಂಗಡಿಯಿಂದ ತಂದಂಗೈತೆ.”

ಗುಬ್ಬಿಯವರು ಅಷ್ಟು ದೊಡ್ಡ ಮನುಷ್ಯರು, ನೆಲದ ಮೇಲೆ ಕುಳಿತುಬಿಟ್ಟರು. ಕಿವಿ ಹೋಯಿತೆಂದು ಅವರ ಅಳು. ಬೇರೆ ಏನು ಹೋಯಿತೆಂದು ಅವರಿಗೆ ಗೊತ್ತಾಗಲಿಲ್ಲ. ಅವರು ಹೊರಟ ಮೇಲೆ ನಾನು ಪೂಜೆಗೆ ತಂದಿದ್ದ ರಂಗೋಲಿ ಪುಡಿಯಲ್ಲಿ ಚಪ್ಪಡಿಯ ಮೇಲೆ, “ಅವರಿಗೆ ಹೇಳಲಾ?” ಎಂದು ಬರೆದೆ. ಅಣ್ಣ ಕಾಲಿನಿಂದ ಅದನ್ನು ಮೆಲ್ಲಗೆ ಅಳಿಸಿದರು.

“ಬ್ಯಾಡ ಬುಡು. ಆಸೆಪಟ್ಟು ಮಾಡವ್ರೆ.”

ಅಣ್ಣ ಆಮೇಲೆ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಆ ಇಬ್ಬರು ಭಾನುವಾರಗಳಲ್ಲಿ ಬರುತ್ತಿದ್ದರು, ಬಾಳೆಹಣ್ಣು, ಬಿಸ್ಕತ್ತು ಹಿಡಿದು. ಅಣ್ಣ ಹೆದರಿದ್ದು ಇದಕ್ಕೇ. ನಡುವೆ ಒಂದು ದಿನ ನಾನು ಅಣ್ಣನ ಎದುರು ಕುಳಿತು ಕೆಳತುಟಿ ಹಲ್ಲಿಗೊತ್ತಿ ಆ ಸಿಳ್ಳೆ ಹಾಕಿದೆ. ನನ್ನ ಬಾಯಿಯನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ನಾನು ಮತ್ತೆ ಯಾವತ್ತೂ ಅವರ ಮುಂದೆ ಅದನ್ನು ಮಾಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅಣ್ಣ ಹೋದರು... ಮಿಷನ್ನುಗಳೆಲ್ಲ ಗುಬ್ಬಿಗೂ ಕುಣಿಗಲ್ಲಿಗೂ ಹೋದವು.

ನಾನು ಫೋನು ಕಲಿತ ಸುದ್ದಿ ಗುಬ್ಬಿಯವರಿಗೂ ತಲುಪಿದೆ. ನಿನ್ನೆ ಒಂದು ವಿಡಿಯೋ ಕಳಿಸಿದ್ದರು. ಗಾಜಿನ ಬೀರುವಿನಿಂದ ಹಳದಿ ಮಿಷನ್ನನ್ನು ಇಳಿಸಿ, ಎಲ್ಲೆಲ್ಲಿಂದಲೋ ಬಂದ ಹುಡುಗರ ಮುಂದೆ ಸ್ಟಾರ್ಟ್ ಮಾಡುತ್ತಾರೆ. ಒಂದು ಕೆಮ್ಮಿಲ್ಲ, ಒಂದು ಗೀರಿಲ್ಲ. ಹುಡುಗರೆಲ್ಲ ಚಪ್ಪಾಳೆ ತಟ್ಟುತ್ತಾರೆ. “ನಮ್ಮ ಅಣ್ಣನ ಮಿಷನ್ನು, ಕೇಳಿ ಅಮ್ಮ” ಎಂದು ಕೆಳಗೆ ಬರೆದಿದ್ದರು.

ಕೇಳಿದೆ. ಫೋನನ್ನು ಕಿವಿಗೆ ಒತ್ತಿ ಹಿಡಿದು ಮತ್ತೆ ಕೇಳಿದೆ. ಆ ಸಿಳ್ಳೆ ಅತ್ತಿಗೆಗೆ ಗೊತ್ತಿತ್ತು, ಅಣ್ಣನಿಗೆ ಗೊತ್ತಿತ್ತು. ಬಾಯಿಯಿಂದ ಬಾಯಿಗೆ ಬಂದು ಒಂದಿಷ್ಟು ನನ್ನಲ್ಲಿ ಉಳಿದಿತ್ತು. ಫೋನು ಕೆಳಗಿಟ್ಟು, ಕೆಳತುಟಿ ಒತ್ತಿ, ಗಂಟಲಲ್ಲಿ ಗುರುಗುಟ್ಟಿ ಊದಿದೆ. ಕಳೆದ ವರ್ಷ ನನ್ನ ಹಲ್ಲೆಲ್ಲ ಕೀಳಿಸಿ ಸೆಟ್ಟು ಹಾಕಿಸಿದ್ದಾರೆ. ಸಂದಿಯೇ ಇಲ್ಲ, ಎಲ್ಲ ಸಮ, ಎಲ್ಲ ಹೊಸದು. ಬರೀ ಗಾಳಿ ಬಂತು. ಸೆಟ್ಟು ತೆಗೆದಿಟ್ಟು ಊದಿದೆ. ಆಗಲೂ ಗಾಳಿಯೇ.

ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಏನತ್ತೆ, ಕಾಫಿ ಆರಿಸ್ಕೊಂತಿದೀರಾ?” ಎಂದಳು.

“ಹೂಂ ಕಣೇ. ಬಿಸಿ ಜಾಸ್ತಿ ಐತೆ” ಎಂದೆ.

ನನ್ನ ಮುಂದೆ ಲೋಟವೇ ಇರಲಿಲ್ಲ.